ವಿರಾಜಪೇಟೆಯಿಂದ ಮಡಿಕೇರಿಯ ಸರ್ವರ್‌ಗೆ

ಆ ಏಪ್ರಿಲ್‌ನಲ್ಲಿ ನಮ್ಮ ಪತ್ರಿಕೆ ಭಾನುವಾರದ ಸಭೆಯೊಂದನ್ನು ಶನಿವಾರ ಎಂದು ಅಚ್ಚು ಹಾಕಿತು. ದಕ್ಷಿಣ ಕೊಡಗಿನ ಒಂದು ಐನ್‌ಮನೆಯಲ್ಲಿ, ಅಂದರೆ ಒಂದು ಕುಟುಂಬದ ಎಲ್ಲ ಕವಲುಗಳಿಗೂ ಮೂಲವಾದ ಮನೆಯಲ್ಲಿ, ವರ್ಷಕ್ಕೊಮ್ಮೆ ಸೇರುವ ಸಭೆ ಅದು. ಶನಿವಾರ ಬೆಳಿಗ್ಗೆ ಒಂದಷ್ಟು ಹಿರಿಯರು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಅಂಗಳದಲ್ಲಿ ಬಂದು ನಿಂತರಂತೆ. ಆ ಮನೆಯ ಯಜಮಾನರು ನನಗೆ ಫೋನ್ ಮಾಡಿದಾಗ ಕೂಗಾಡಲಿಲ್ಲ.

‘ಬಂದವರಿಗೆ ಕಾಫಿ ಕೊಟ್ಟು ಕಳಿಸಿದ್ದೇವೆ. ನಾಳೆ ಮತ್ತೆ ಬರ್ತಾರಂತೆ. ಒಬ್ಬರು ಮಾತ್ರ, ಇನ್ನು ಹೋಗಿ ಬರೋದು ಯಾಕೆ ಅಂತ ಇಲ್ಲೇ ಉಳಿದುಕೊಂಡಿದ್ದಾರೆ. ಅವರನ್ನ ನಿಮ್ಮ ಆಫೀಸಿಗೆ ಕಳಿಸ್ಲಾ?’

ಪತ್ರಿಕೆಯಲ್ಲಿ ತಿದ್ದುಪಡಿ ಬರೆಯುವ ಕೆಲಸ ನನ್ನದು. ತಪ್ಪು ಹೇಗಾಯಿತು ಎಂದು ತಿಳಿಯದೆ ನಾನು ತಿದ್ದುಪಡಿ ಬರೆಯುವುದಿಲ್ಲ. ಈ ತಪ್ಪಿನ ದಾರಿ ಹುಡುಕುವುದು ಕಷ್ಟವಾಗಲಿಲ್ಲ. ಜಾಹೀರಾತು ಬಂದದ್ದು ವಿರಾಜಪೇಟೆಯ ನಮ್ಮ ಡೆಸ್ಕಿಗೆ. ಅಲ್ಲಿ ಕೆಲಸ ಮಾಡುವ ಮಹಿಳೆ ಅದನ್ನು ಸರಿಯಾಗಿಯೇ ಟೈಪ್ ಮಾಡಿದ್ದರು. ಆದರೆ ಆ ಸಂಜೆ ಅವರ ಕಂಪ್ಯೂಟರ್‌ಗೆ ಮಡಿಕೇರಿಯ ಸರ್ವರ್ ಸಿಗಲಿಲ್ಲ. ಫೋನಿನಲ್ಲಿ ಓದಿ ಹೇಳಿದರು. ಇಲ್ಲಿ, ಮಡಿಕೇರಿ ಕಚೇರಿಯಲ್ಲಿ, ಕೇಳಿಸಿಕೊಂಡವರು ಇನ್ನೊಂದು ಪುಟದ ಕೆಲಸ ಮಾಡುತ್ತಲೇ ಬರೆದುಕೊಂಡರು. ಶನಿವಾರದ ಪುಟವೇ ತೆರೆದಿತ್ತು, ಕೈಯೂ ಶನಿವಾರ ಎಂದೇ ಬರೆಯಿತು.

ಡೆಸ್ಕ್ ಎಂದರೆ ದೊಡ್ಡದೇನಲ್ಲ. ವಿರಾಜಪೇಟೆಯ ಪೇಟೆಯೊಳಗೆ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಶ್ರದ್ಧಾಂಜಲಿ, ಮದುವೆ, ತೋಟ ಮಾರಾಟಕ್ಕಿದೆ, ನಾಯಿ ಕಳೆದಿದೆ, ಆ ದಿನದ ಕರಿಮೆಣಸಿನ ದರ, ಹೀಗೆ ದಕ್ಷಿಣ ಕೊಡಗಿನಿಂದ ಬರುವುದೆಲ್ಲ ಅಲ್ಲಿ ಸೇರುತ್ತದೆ. ಆಕೆ ಅಲ್ಲಿ ಕೂತು ಟೈಪ್ ಮಾಡಿದ್ದು ಇಂಟರ್ನೆಟ್ ಮೂಲಕ ನೇರವಾಗಿ ಮಡಿಕೇರಿ ಕಚೇರಿಯ ಡೇಟಾಬೇಸ್ ಸೇರುತ್ತದೆ. ಪುಟ ಕಟ್ಟುವವರು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ನಡುವೆ ಇನ್ನೊಬ್ಬರ ಕೈ ಇಲ್ಲ, ಆದ್ದರಿಂದ ಇನ್ನೊಬ್ಬರ ತಪ್ಪೂ ಇಲ್ಲ. ಹೋದ ಚಳಿಗಾಲದ ಆರಂಭದಲ್ಲಿ ಈ ವ್ಯವಸ್ಥೆ ಬಂದ ಮೇಲೆ ದಕ್ಷಿಣದ ಜಾಹೀರಾತುಗಳಿಗೆ ನಾನು ತಿದ್ದುಪಡಿ ಬರೆದದ್ದೇ ಅಪರೂಪ.

ಆ ಡೇಟಾಬೇಸ್ ಇರುವ ಸರ್ವರ್‌ನ ಮುಂದೆ ಫೈರ್‌ವಾಲ್ ಇದೆ. ಹೊರಗಿನಿಂದ ಬರುವ ಪ್ರತಿಯೊಂದು ಸಂಪರ್ಕವನ್ನೂ ಅದು ತಡೆದು, ಯಾವ ವಿಳಾಸದಿಂದ ಬಂದಿದೆ ಎಂದು ನೋಡುತ್ತದೆ. ತನಗೆ ಗೊತ್ತಿರುವ ವಿಳಾಸವಾದರೆ ಒಳಗೆ ಬಿಡುತ್ತದೆ. ಎಸ್ಟೇಟಿನ ಗೇಟಿನಲ್ಲಿ ವಾಚ್‌ಮನ್ ಜೀಪಿನ ನಂಬರ್ ನೋಡಿ ಸರಪಳಿ ಇಳಿಸುವ ಹಾಗೆ. ವಿರಾಜಪೇಟೆಯ ಇಂಟರ್ನೆಟ್ ಲೈನಿಗೂ ಅಂಥದೊಂದು ನಂಬರ್ ಇದೆ. ಅದನ್ನು ಫೈರ್‌ವಾಲ್‌ಗೆ ಹೇಳಿಕೊಟ್ಟವರು ಮೈಸೂರಿನಲ್ಲಿರುವ ನಮ್ಮ ಎಂಜಿನಿಯರ್. ಚಳಿಗಾಲವಿಡೀ, ಕಾಫಿ ಪಿಕಿಂಗ್ ಮುಗಿದು ಮೆಣಸು ಕೊಯ್ಲು ಮುಗಿಯುವವರೆಗೂ ಆ ಸಂಪರ್ಕ ಒಮ್ಮೆಯೂ ಕೈಕೊಡಲಿಲ್ಲ. ಏಪ್ರಿಲ್ ಬಂದದ್ದೇ ಮತ್ತೆ ಮತ್ತೆ ಕಡಿಯತೊಡಗಿತು.

ಸಂಪಾದಕರು ಸೋಮವಾರ ಸಭೆ ಕರೆದರು. ಅವರು ಜಾಸ್ತಿ ಮಾತಾಡುವವರಲ್ಲ.

‘ಪಾಸ್‌ವರ್ಡ್ ಹಾಕಲು ಬರುತ್ತೋ ಇಲ್ವೋ ಅವರಿಗೆ?’ ಎಂದು ಕೇಳಿದರು.

‘ಚಳಿಗಾಲದಲ್ಲೆಲ್ಲ ಬರ್ತಿತ್ತಲ್ಲ ಸಾರ್’ ಎಂದೆ.

‘ಹಾಗಾದ್ರೆ ಬೇಸಿಗೆಗೆ ಮರೆತುಹೋಯ್ತಾ? ನೋಡಿ, ಮೇ ಮುಗಿಯೋವರೆಗೆ ಸಮಯ. ಸರಿ ಹೋಗದಿದ್ರೆ ಜೂನ್‌ನಿಂದ ಆ ಡೆಸ್ಕ್ ಮಡಿಕೇರಿಗೇ ಬರಲಿ. ಅವರೂ ಬಸ್ಸಿನಲ್ಲಿ ಬಂದು ಹೋಗಲಿ.’

ಇದನ್ನು ಆಕೆಗೆ ತಿಳಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಆಕೆಯ ಗಂಡ ಕೇರಳದ ಕಡೆ ಓಡುವ ಬಸ್ಸಿನ ಡ್ರೈವರ್, ಮನೆಗೆ ಬರುವುದು ದಿನ ಬಿಟ್ಟು ದಿನ. ಮಗಳು ಜೂನ್‌ನಲ್ಲಿ ಮೂರನೇ ತರಗತಿಗೆ ಹೋಗಬೇಕಾದವಳು.

‘ಶಾಲೆ ಬಿಟ್ಟ ಮೇಲೆ ಅವಳು ಸೀದಾ ಈ ಕೋಣೆಗೇ ಬರೋದು ಸಾರ್. ನಾನು ಮಡಿಕೇರಿಯಲ್ಲಿದ್ರೆ ಮನೆ ಸೇರುವಾಗ ಕತ್ತಲಾಗುತ್ತೆ. ಅವಳನ್ನ ಹಾಸ್ಟೆಲ್‌ಗೆ ಹಾಕ್ಬೇಕು, ಇಲ್ಲ ನಾನು ಕೆಲಸ ಬಿಡ್ಬೇಕು. ಎಂಟು ವರ್ಷದ ಮಗುವನ್ನ ಹಾಸ್ಟೆಲ್‌ಗೆ ಹಾಕೋದಿಲ್ಲ ನಾನು.’

ಅಂದರೆ ಕೆಲಸ ಬಿಡುವುದು. ಅದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ, ನಾನು ಹೇಳಿಸಲೂ ಇಲ್ಲ. ಮೇ ತಿಂಗಳು ಪೂರ್ತಿ ಕೈಯಲ್ಲಿತ್ತು. ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ಸಿಗುತ್ತಿಲ್ಲ ಎಂದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ, ಮತ್ತು ಯಂತ್ರಗಳು ಆ ಕಾರಣವನ್ನು ಮುಚ್ಚಿಡುವುದಿಲ್ಲ. ತಹಶೀಲ್ದಾರರ ಕಚೇರಿಯಿಂದ ಮಾಹಿತಿ ತೆಗೆದವನಿಗೆ ಇದು ಕಷ್ಟದ ಕೆಲಸವಲ್ಲ ಎಂದುಕೊಂಡೆ.

ಮೊದಲಿಗೆ, ಸಂಪರ್ಕ ಕಡಿದಾಗ ಪರದೆಯ ಮೇಲೆ ಏನು ಕಾಣುತ್ತದೋ ಅದರ ಫೋಟೋ ಕಳಿಸಿ ಎಂದೆ. ಅದುವರೆಗೆ ಯಾರೂ ಕೇಳಿರಲಿಲ್ಲ. ‘ಬರ್ತಿಲ್ಲ’ ಎಂದು ಅವರು ಹೇಳುತ್ತಿದ್ದರು, ‘ಪಾಸ್‌ವರ್ಡ್ ಸರಿಯಾಗಿ ಹಾಕಿ’ ಎಂದು ನಾವು ಹೇಳುತ್ತಿದ್ದೆವು. ಫೋಟೋ ಬಂತು. ಪರದೆ ತುಂಬ ಹೊತ್ತು ಕಾದು, ಕೊನೆಗೆ ಸಮಯ ಮೀರಿತು ಎಂದು ಕೈಚೆಲ್ಲಿತ್ತು. ಅದನ್ನು ಎಂಜಿನಿಯರ್‌ಗೆ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿದರು.

‘ಇದು ಪಾಸ್‌ವರ್ಡ್ ಅಲ್ಲವೇ ಅಲ್ಲ ಸಾರ್. ಪಾಸ್‌ವರ್ಡ್ ತಪ್ಪಾದ್ರೆ ಸರ್ವರ್ ಬಾಯಿಬಿಟ್ಟು ಆಗಲ್ಲ ಅನ್ನುತ್ತೆ. ಇಲ್ಲಿ ಉತ್ತರವೇ ಬಂದಿಲ್ಲ. ಇವರು ಸರ್ವರ್ ತನಕ ಹೋಗೇ ಇಲ್ಲ, ಫೈರ್‌ವಾಲ್ ಸದ್ದಿಲ್ಲದೆ ತಡೆದಿದೆ.’

ಈ ವ್ಯತ್ಯಾಸ ನನಗೆ ಚೆನ್ನಾಗಿ ಅರ್ಥವಾಯಿತು. ‘ಏನೂ ಹೇಳುವುದಿಲ್ಲ’ ಎನ್ನುವ ಅಧಿಕಾರಿಯೂ ಫೋನ್ ಎತ್ತದ ಅಧಿಕಾರಿಯೂ ಒಂದೇ ಅಲ್ಲ. ಮೊದಲನೆಯವರನ್ನು ನೀವು ತಲುಪಿದ್ದೀರಿ, ಎರಡನೆಯವರನ್ನು ತಲುಪಿಲ್ಲ. ಆ ದಿನವೇ ಸಂಪಾದಕರಿಗೆ ಇದನ್ನು ತಿಳಿಸಿ, ಪಾಸ್‌ವರ್ಡಿನ ಮಾತನ್ನು ಅಲ್ಲಿಗೆ ಮುಗಿಸಿದೆ.

ಫೈರ್‌ವಾಲ್ ತಡೆಯುವುದಕ್ಕೆ ಕಾರಣವೂ ಎಂಜಿನಿಯರ್‌ಗೆ ಗೊತ್ತಿತ್ತು. ವಿರಾಜಪೇಟೆ ಲೈನಿನ ನಂಬರ್ ಬದಲಾಗುತ್ತಿತ್ತು. ಏಪ್ರಿಲ್‌ನಲ್ಲಿ ಆಕೆ ಫೋನ್ ಮಾಡಿದಾಗಲೆಲ್ಲ ಅವರು ಹೊಸ ನಂಬರನ್ನು ಸೇರಿಸುತ್ತಲೇ ಇದ್ದರು, ಅದು ಮತ್ತೆ ಬದಲಾಗುತ್ತಲೇ ಇತ್ತು; ನಮ್ಮ ಕಚೇರಿಗೆ ಮಾತ್ರ ಇದನ್ನು ಯಾರೂ ಹೇಳಿರಲಿಲ್ಲ. ಇಂಟರ್ನೆಟ್ ಕೊಡುವವರನ್ನು ಕೇಳಿದರೆ, ಲೈನ್ ಕಡಿಯದೆ ನಂಬರ್ ಬದಲಾಗುವುದಿಲ್ಲ ಎಂದರು. ಅವರ ಲೈನ್‌ಮ್ಯಾನ್ ಬಂದು ಕಂಬದಿಂದ ಕೋಣೆಯವರೆಗೆ ತಂತಿ ಪರೀಕ್ಷಿಸಿ, ಲೈನ್ ಚೆನ್ನಾಗಿದೆ ಎಂದು ಹೇಳಿ ಹೋದರು. ಎಂಜಿನಿಯರ್ ಆಕೆಯನ್ನೇ ಕೇಳಿದ್ದರು: ಕರೆಂಟ್ ಹೋದಾಗ ಮೋಡೆಮ್ ಆರಿಹೋಗುತ್ತದೆಯೇ? ಇಲ್ಲ, ಇನ್ವರ್ಟರ್ ಇದೆ. ಇತ್ತೀಚೆಗೆ ಹೊಸದಾಗಿ ಏನಾದರೂ ಬದಲಾಯಿಸಿದಿರಾ? ಇಲ್ಲ, ಎಲ್ಲ ಮೊದಲಿನ ಹಾಗೇ ಇದೆ.

ಮೂವರೂ ಸತ್ಯವನ್ನೇ ಹೇಳಿದ್ದರು. ಹಾಗಿದ್ದೂ ನಂಬರ್ ಬದಲಾಗುತ್ತಿತ್ತು. ಎಲ್ಲರೂ ಸತ್ಯ ಹೇಳುತ್ತಿದ್ದು ಸುದ್ದಿ ಮಾತ್ರ ಹೊಂದದಿದ್ದರೆ, ಕೇಳಿದ ಪ್ರಶ್ನೆಯಲ್ಲೇ ಏನೋ ಕೊರತೆ ಇದೆ ಎಂದು ಅರ್ಥ. ಅಂಥ ಹೊತ್ತಿನಲ್ಲಿ ವರದಿಗಾರ ಪ್ರಶ್ನೆ ಕೇಳುವುದು ಬಿಟ್ಟು ಸ್ಥಳಕ್ಕೆ ಹೋಗಿ ಕೂರಬೇಕು. ಒಂದು ಬೆಳಿಗ್ಗೆ ಮೂರ್ನಾಡು ದಾರಿಯಲ್ಲಿ ವಿರಾಜಪೇಟೆಗೆ ಹೋಗುವ ಬಸ್ ಹತ್ತಿದೆ.

ಜೆರಾಕ್ಸ್ ಅಂಗಡಿಯವರು ಮೆಟ್ಟಿಲ ಬಳಿಯೇ ಹಿಡಿದರು. ಪೇಟೆಯಲ್ಲಿ ಸುದ್ದಿ ನಮ್ಮ ಪತ್ರಿಕೆಗಿಂತ ಮುಂಚೆ ಅವರಿಗೆ ತಿಳಿದಿರುತ್ತದೆ.

‘ಏನ್ ಸಾರ್, ಬೀಗ ಹಾಕೋಕೆ ಬಂದ್ರಾ?’

‘ನೋಡೋಕೆ ಬಂದೆ.’

‘ನೋಡಿ, ನೋಡಿ. ಮೇಲೆ ಆ ಅಕ್ಕ ಇಲ್ಲದಿದ್ರೆ ನಂದೂ ಅರ್ಧ ವ್ಯಾಪಾರ ಹೋಯ್ತು. ಸತ್ತವರ ಫೋಟೋ ಎಲ್ಲ ನನ್ನ ಹತ್ರಾನೇ ಸ್ಕ್ಯಾನ್ ಮಾಡ್ಸೋದು.’

ಮೇಲೆ ಆಕೆ ಆಗಲೇ ಕೆಲಸಕ್ಕೆ ಕೂತಿದ್ದರು. ನನಗೇನೂ ವಿವರಿಸಬೇಡಿ, ನಾನಿಲ್ಲ ಅಂತ ತಿಳಿದು ದಿನದ ಕೆಲಸ ಮಾಡಿ ಎಂದು ಹೇಳಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಫೋನ್ ಚಾರ್ಜಿಗೆ ಹಾಕಿದೆ. ಲೈನಿನ ನಂಬರ್ ನೋಡುವುದು ಹೇಗೆ ಎಂದು ಎಂಜಿನಿಯರ್ ಆಕೆಗೆ ಕಲಿಸಿದ್ದರು. ಬೆಳಗಿನ ನಂಬರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡೆ.

ಮಧ್ಯಾಹ್ನದವರೆಗೆ ಎಲ್ಲ ಸರಾಗ. ಆಕೆ ಟೈಪ್ ಮಾಡುತ್ತಿದ್ದರು, ಒತ್ತುತ್ತಿದ್ದರು, ಸಾಲು ಮಡಿಕೇರಿಗೆ ಹೋಗುತ್ತಿತ್ತು. ಒಬ್ಬರು ಜೀಪ್ ಮಾರಾಟದ ಜಾಹೀರಾತು ತಂದರು.

‘ಒಳ್ಳೆ ಸ್ಥಿತಿಯಲ್ಲಿದೆ ಅಂತ ಹಾಕಿ ಅಕ್ಕ.’

‘ಅಣ್ಣ, ಮೊನ್ನೆ ಬಸ್ ಸ್ಟ್ಯಾಂಡ್ ಹತ್ರ ಅದನ್ನ ನಾಲ್ಕು ಜನ ತಳ್ತಿದ್ರಲ್ಲ.’

‘ತಳ್ಳಿದ ಮೇಲೆ ಹೋಯ್ತಲ್ಲ? ಹೋಗುತ್ತೆ ಅಂತಾದ್ರೂ ಹಾಕಿ.’

ಊಟವಾದ ಮೇಲೆ ಗಾಳಿ ನಿಂತಿತು. ಕೇರಳದ ಕಡೆಯ ಬೆಟ್ಟಗಳ ಮೇಲೆ ಮೋಡ ಕಪ್ಪಾಗಿತ್ತು. ಮೇ ತಿಂಗಳಲ್ಲಿ ಅದರಲ್ಲಿ ವಿಶೇಷವೇನಿಲ್ಲ. ಆಕೆ ಮುಂದಿನ ವರ್ಷದ ಶಾಲಾ ಪುಸ್ತಕಗಳ ಬಗ್ಗೆ ಏನೋ ಹೇಳುತ್ತಿದ್ದರು. ದೂರದಲ್ಲಿ ಒಂದು ಗುಡುಗು ಉರುಳಿತು. ಆಕೆ ಮಾತು ನಿಲ್ಲಿಸದೆ ಎದ್ದು, ಗೋಡೆಯಿಂದ ಮೋಡೆಮ್‌ನ ಪ್ಲಗ್ ಕಿತ್ತರು, ಅದರ ಹಿಂದಿನ ಟೆಲಿಫೋನ್ ತಂತಿಯನ್ನೂ ಎಳೆದು ಮೇಜಿನ ಮೇಲೆ ಇಟ್ಟರು, ಕಂಪ್ಯೂಟರ್ ಮುಚ್ಚಿದರು. ಪುಸ್ತಕಗಳ ಮಾತು ಮುಂದುವರಿಯಿತು. ಕೆಳಗೆ ಜೆರಾಕ್ಸ್ ಯಂತ್ರದ ಸದ್ದು ನಿಂತಿತು. ಎದುರಿನ ಮೆಡಿಕಲ್ ಅಂಗಡಿಯ ಟಿವಿ ಆರಿತು.

ನಾನು ಆಕೆಯ ಕೈಯನ್ನು ನೋಡುತ್ತಿದ್ದೆ. ಆಮೇಲೆ ನನ್ನ ಕೈಯನ್ನು ನೋಡಿಕೊಂಡೆ. ಅದರಲ್ಲಿ ನನ್ನ ಫೋನಿನ ಚಾರ್ಜರ್ ಇತ್ತು. ಗೋಡೆಯಿಂದ ಅದನ್ನು ಕಿತ್ತದ್ದು ಯಾವಾಗ ಎಂದು ನನಗೇ ನೆನಪಿರಲಿಲ್ಲ.

ಕೊಡಗಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಸಿಡಿಲು ತಂತಿ ಹಿಡಿದು ಮನೆಯೊಳಗೆ ಬರುತ್ತದೆ, ಟಿವಿ ಸುಡುತ್ತದೆ, ಪಂಪಿನ ಸ್ಟಾರ್ಟರ್ ಸುಡುತ್ತದೆ. ಮೊದಲ ಗುಡುಗಿಗೆ ಇಡೀ ಊರು ತಂತಿ ಕೀಳುತ್ತದೆ, ಮಳೆ ನಿಂತ ಮೇಲೆ ಸಿಕ್ಕಿಸುತ್ತದೆ. ಚಳಿಗಾಲದಲ್ಲಿ ಗುಡುಗಿಲ್ಲ, ಕೀಳುವ ಪ್ರಮೇಯವೂ ಇಲ್ಲ. ಮಳೆ ಬಂದರೆ ಕೊಡೆ ಬಿಚ್ಚುವಷ್ಟೇ ಸಹಜ. ಹೊಸದಾಗಿ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಕೊಡೆ ಬಿಚ್ಚಿದೆ ಎಂದು ಯಾರು ಹೇಳುತ್ತಾರೆ?

ಮಳೆ ಜೋರಾಗಿ ಹೊಡೆದು ನಿಂತಿತು. ಆಕೆ ತಂತಿಗಳನ್ನು ಸಿಕ್ಕಿಸಿದರು. ಮೋಡೆಮ್‌ನ ದೀಪಗಳು ಒಂದೊಂದಾಗಿ ಹತ್ತಿದವು. ಇಂಟರ್ನೆಟ್ ಬಂತು, ಮಡಿಕೇರಿಯ ಸರ್ವರ್ ಬರಲಿಲ್ಲ. ಪರದೆ ಕಾದು ಕಾದು ಸಮಯ ಮೀರಿತು ಎಂದಿತು. ಲೈನಿನ ನಂಬರ್ ತೆಗೆಸಿ ನೋಡಿದೆ. ಬೆಳಗಿನದಲ್ಲ.

‘ಈಗ ಏನು ಮಾಡಿದಿರಿ?’ ಎಂದು ಕೇಳಿದೆ.

‘ಏನೂ ಮಾಡಿಲ್ಲ ಸಾರ್. ನೀವೇ ಇಲ್ಲಿ ಕೂತು ನೋಡಿದ್ರಲ್ಲ.’

‘ಗುಡುಗು ಬಂದಾಗ?’

‘ಗುಡುಗು ಬಂದ್ರೆ ತೆಗೀಬೇಕಲ್ಲ’ ಎಂದರು. ಆಮೇಲೆ ಮೇಜಿನ ಮೇಲಿನ ಚೀಟಿಯನ್ನು ನೋಡಿದರು, ಪರದೆಯನ್ನು ನೋಡಿದರು. ‘ಅದಾ?’

‘ಅದೇ.’

ಆಕೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ‘ಹೋದ ವರ್ಷ ನಾನು ಊಟಕ್ಕೆ ಹೋಗಿದ್ದಾಗ ಒಂದು ಮೋಡೆಮ್ ಸುಟ್ಟು ಹೊಗೆ ಬಂದಿತ್ತು ಸಾರ್. ತೆಗೀಬೇಡ ಅಂದ್ರೆ ಇನ್ನು ತೆಗೆಯಲ್ಲ. ಆದ್ರೆ ಅದು ಮತ್ತೆ ಸುಟ್ರೆ ನನ್ನ ತಲೆಗೆ ಕಟ್ಟಬಾರದು.’

ತೆಗೆಯಬೇಡಿ ಎಂದು ನಾನು ಹೇಳಲಿಲ್ಲ. ಆಕೆ ಮಾಡಿದ್ದು ಸರಿ. ಅಲ್ಲಿಂದಲೇ ಎಂಜಿನಿಯರ್‌ಗೆ ಫೋನ್ ಮಾಡಿ, ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದೆ. ಅವರು ನಕ್ಕರು.

‘ಗುಡುಗಿದ್ರೆ ಊರಿಗೆ ಊರೇ ವೈರ್ ಕಿತ್ಕೊಂಡು ಕೂರುತ್ತಾ ಸಾರ್ ನಿಮ್ಮಲ್ಲಿ?’

‘ಕೂರುತ್ತೆ.’

‘ಮೈಸೂರಲ್ಲಿ ನಾವು ಕಿಟಕಿ ಹಾಕ್ತೀವಿ ಅಷ್ಟೆ. ನಾನು ಕರೆಂಟ್ ಬಗ್ಗೆ ಕೇಳಿದೆ, ಗುಡುಗಿನ ಬಗ್ಗೆ ಕೇಳೋಕೆ ನಂಗೆ ಹೇಗೆ ಹೊಳೀಬೇಕು?’

ಮರುದಿನ ಸಂಪಾದಕರ ಕೋಣೆಯಲ್ಲಿ ಎಂಜಿನಿಯರ್ ಫೋನಿನ ಸ್ಪೀಕರಿನಲ್ಲಿದ್ದರು. ನಾನು ವಿಷಯ ಒಪ್ಪಿಸಿದೆ. ಸಂಪಾದಕರು ಪೂರ್ತಿ ಕೇಳಿ, ‘ಹಾಗಾದ್ರೆ ತಂತಿ ಕೀಳೋದು ಬಿಡಲಿ’ ಎಂದರು.

‘ನಿಮ್ಮ ಮನೆಯ ಮೋಡೆಮನ್ನ ಗುಡುಗಿದಾಗ ಏನು ಮಾಡ್ತೀರಿ ಸಾರ್?’ ಎಂದು ನಾನು ಕೇಳಿದೆ.

‘ಕಿತ್ತು ಇಡ್ತೀವಿ. ಅದಕ್ಕೂ ಇದಕ್ಕೂ ಏನು...’ ಎಂದವರು ಅಲ್ಲಿಗೆ ನಿಲ್ಲಿಸಿ ಪೇಪರ್‌ವೇಟನ್ನು ಆ ಕಡೆಯಿಂದ ಈ ಕಡೆ ಇಟ್ಟರು. ಆಮೇಲೆ ಫೋನಿನ ಕಡೆ ತಿರುಗಿದರು. ‘ಸರಿ. ಆ ಫೈರ್‌ವಾಲ್‌ನಲ್ಲಿ ನಂಬರ್ ನೋಡೋದೇ ಬೇಡ. ಯಾವ ನಂಬರಿಂದ ಬಂದ್ರೂ ಬಿಡು ಅಂತ ಹಾಕಿಬಿಡಿ. ಮುಗೀತಲ್ಲ?’

‘ಅದೊಂದು ಆಗಲ್ಲ ಸಾರ್’ ಎಂದರು ಎಂಜಿನಿಯರ್. ದನಿ ಮೆತ್ತಗಿತ್ತು, ಮಾತು ಗಟ್ಟಿಯಿತ್ತು. ‘ಡೇಟಾಬೇಸ್‌ನ ಬಾಗಿಲನ್ನ ಊರಿಗೆಲ್ಲ ತೆರೆದಿಟ್ರೆ, ಗುರುತು ಪರಿಚಯ ಇಲ್ಲದವರು ಹಗಲೂ ರಾತ್ರಿ ಬಂದು ತಟ್ತಾರೆ. ಈಗಲೂ ತಟ್ತಾರೆ, ಫೈರ್‌ವಾಲ್ ಇರೋದ್ರಿಂದ ನಿಮಗೆ ಕೇಳಿಸಲ್ಲ. ನಿಮ್ಮ ಹಳೇ ಪತ್ರಿಕೆಗಳೆಲ್ಲ ಅದೇ ಸರ್ವರ್‌ನಲ್ಲಿವೆ. ತೆಗೀರಿ ಅಂದ್ರೆ ಬೇರೆಯವರನ್ನ ಹುಡುಕಿ.’

ಅವರು ಬೇರೆ ದಾರಿಯನ್ನೂ ಹೇಳಿದರು. ವಾಚ್‌ಮನ್ ಇನ್ನು ಮುಂದೆ ಜೀಪಿನ ನಂಬರ್ ನೋಡುವುದಿಲ್ಲ, ಒಳಗೆ ಕೂತವರ ಪಾಸ್ ನೋಡುತ್ತಾನೆ. ಯಾವ ಜೀಪಿನಲ್ಲಿ ಬಂದರೂ ಪಾಸ್ ಇದ್ದರೆ ಒಳಗೆ. ಅವರ ಭಾಷೆಯಲ್ಲಿ ಅದಕ್ಕೆ ವಿಪಿಎನ್ ಎನ್ನುತ್ತಾರೆ. ವಿರಾಜಪೇಟೆಯ ಕಂಪ್ಯೂಟರಿನಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಒಂದು ರಹಸ್ಯ ಕೀಲಿ ಇಡುತ್ತಾರೆ. ಅದನ್ನು ತೋರಿಸಿದರೆ ಫೈರ್‌ವಾಲ್‌ನ ಮೂಲಕ ಆ ಯಂತ್ರಕ್ಕೆ ಮಾತ್ರ ಒಂದು ಓಣಿ ತೆರೆಯುತ್ತದೆ. ಡೇಟಾಬೇಸಿನ ಬಾಗಿಲು ಆ ಓಣಿಯ ಒಳಗೇ ಇರುತ್ತದೆ, ಹೊರಗಿನವರಿಗೆ ಕಾಣುವುದೂ ಇಲ್ಲ. ಲೈನಿನ ನಂಬರ್ ದಿನಕ್ಕೆ ಹತ್ತು ಸಲ ಬದಲಾದರೂ ತೊಂದರೆಯಿಲ್ಲ.

‘ಇದನ್ನ ಮೊದಲೇ ಯಾಕೆ ಮಾಡಲಿಲ್ಲ?’ ಎಂದರು ಸಂಪಾದಕರು.

‘ನಂಬರ್ ಸಾಕು, ಸಿಂಪಲ್ ಆಗಿರಲಿ ಅಂದ್ರಲ್ಲ ಸಾರ್ ನೀವು.’

ಎಂಜಿನಿಯರ್ ಮೈಸೂರಿನಿಂದಲೇ ಎರಡೂ ಕಡೆಯ ಯಂತ್ರಗಳಿಗೆ ಕೆಲಸ ಮಾಡಿದರು. ಒಂದು ಬೆಳಿಗ್ಗೆ ಎಲ್ಲ ಸಿದ್ಧ ಎಂದರು. ನಾನು ವಿರಾಜಪೇಟೆಗೆ ಫೋನ್ ಮಾಡಿ, ‘ಈಗ ತಂತಿ ಕಿತ್ತು ಮತ್ತೆ ಹಾಕಿ ನೋಡಿ’ ಎಂದೆ.

‘ಈಗಲಾ? ಬಿಸಿಲಿದೆ ಸಾರ್.’

‘ಇರಲಿ, ಕೀಳಿ.’

‘ಗುಡುಗೇ ಇಲ್ಲದೆ?’ ಎಂದರು ಆಕೆ. ಕೆಳಗಿನ ಜೆರಾಕ್ಸ್‌ನವರೂ ಮೇಲೆ ಬಂದಿದ್ದರೆಂದು ತೋರುತ್ತದೆ, ‘ಪತ್ರಿಕೆಯವರು ಹೇಳಿದ ಮೇಲೆ ಬಿಸಿಲಲ್ಲೂ ಗುಡುಗುತ್ತೆ, ಕೀಳಿ ಅಕ್ಕ’ ಎನ್ನುವುದು ಕೇಳಿಸಿತು. ಆಕೆ ಕಿತ್ತರು, ಹಾಕಿದರು. ನಂಬರ್ ಬದಲಾಗಿತ್ತು. ಸರ್ವರ್ ಸಿಕ್ಕಿತು.

ನನಗೆ ಅಷ್ಟು ಸಾಕಾಗಿತ್ತು. ಸಂಪಾದಕರಿಗೆ ಸಾಕಾಗಲಿಲ್ಲ. ನಿಜವಾದ ಗುಡುಗಿನಲ್ಲಿ, ಜಾಹೀರಾತು ತುಂಬಿ ಬರುವ ಹೊತ್ತಿನಲ್ಲಿ ನಿಲ್ಲುತ್ತದೆಯೇ ನೋಡಬೇಕು ಎಂದರು. ಅದು ನ್ಯಾಯವಾದ ಮಾತು. ಆಮೇಲೆ ಕೆಲವು ದಿನ ಆಕಾಶ ತಿಳಿಯಾಗಿಯೇ ಇತ್ತು. ಮೈಸೂರಿನಿಂದ ಎಂಜಿನಿಯರ್ ದಿನಾ ‘ಗುಡುಗಿತಾ ಸಾರ್?’ ಎಂದು ವಿಚಾರಿಸುತ್ತಿದ್ದರು. ವಿರಾಜಪೇಟೆಯಿಂದ ಆಕೆ ವಿಚಾರಿಸಲಿಲ್ಲ. ಶಾಲೆ ಶುರುವಾಗುವ ದಿನ ಹತ್ತಿರ ಬರುತ್ತಿತ್ತು. ಮಗಳ ಯೂನಿಫಾರ್ಮ್ ಹೊಲಿಸಲು ಕೊಟ್ಟಿದ್ದೇನೆ ಎಂದು ಮಾತ್ರ ಒಮ್ಮೆ ಹೇಳಿದರು. ಹಾಸ್ಟೆಲ್ ವಿಷಯ ಎತ್ತಲಿಲ್ಲ.

ಮೇ ಕೊನೆಯ ವಾರ ಒಂದು ಸಂಜೆ ದಕ್ಷಿಣದ ಆಕಾಶ ಸೀಳಿ ಹೋಗುವ ಹಾಗೆ ಸಿಡಿಲು ಹೊಡೆಯಿತು. ಮಡಿಕೇರಿಗೂ ಸದ್ದು ಕೇಳಿಸಿತು. ಸಂಪಾದಕರು ತಮ್ಮ ಕೋಣೆಯಿಂದ ಎದ್ದು ಬಂದು ಪುಟ ಕಟ್ಟುವವರ ಹಿಂದೆ ನಿಂತರು. ವಿರಾಜಪೇಟೆಯಿಂದ ಬರುತ್ತಿದ್ದ ಸಾಲುಗಳು ನಿಂತವು. ಮಳೆ ಮಡಿಕೇರಿ ದಾಟಿ ಉತ್ತರಕ್ಕೆ ಹೋದ ಮೇಲೆ ಪರದೆಯಲ್ಲಿ ಒಂದು ಸಾಲು ಬಂತು: ಅಮ್ಮತ್ತಿ ಕಡೆ ಮೂರು ಎಕರೆ ತೋಟ ಮಾರಾಟಕ್ಕಿದೆ. ಅದರ ಹಿಂದೆ ಒಂದು ಮದುವೆ. ಆಮೇಲೆ ಮೆಣಸಿನ ದರ. ಸಂಪಾದಕರು ಒಂದೊಂದನ್ನೂ ಓದಿದರು.

‘ಅಲ್ಲೇ ಇರಲಿ’ ಎಂದು ಹೇಳಿ ಕೋಣೆಗೆ ಹೋದರು.

ಆಕೆಗೆ ಫೋನ್ ಮಾಡಿ ಹೇಳಿದೆ. ಖುಷಿಯ ಮಾತು ಬರಬಹುದು ಎಂದುಕೊಂಡಿದ್ದೆ.

‘ಬರೆದು ಕೊಡ್ತಾರಾ ಸಾರ್?’ ಎಂದರು.

ಕೇಳಿದ್ದು ಸರಿಯಾಗಿತ್ತು. ಬಾಯಿಮಾತಿನಲ್ಲಿ ಬಂದ ಆದೇಶ ಬಾಯಿಮಾತಿನಲ್ಲೇ ಬದಲಾಗುವುದನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಎರಡು ಸಾಲು ಟೈಪ್ ಮಾಡಿಸಿ ಸಂಪಾದಕರ ಮುಂದಿಟ್ಟೆ. ಅವರು ಓದಿ, ಪೆನ್ನಿನಲ್ಲಿ ಒಂದು ಪದ ಸೇರಿಸಿ ಸಹಿ ಹಾಕಿದರು: ವಿರಾಜಪೇಟೆ ಡೆಸ್ಕ್ ಸದ್ಯಕ್ಕೆ ಅಲ್ಲಿಯೇ ಮುಂದುವರಿಯುತ್ತದೆ. ಅದರ ಫೋಟೋ ತೆಗೆದು ಕಳಿಸಿದೆ. ತಕ್ಷಣ ಫೋನ್ ಬಂತು.

‘ಸಾರ್, ಈ ಸದ್ಯಕ್ಕೆ ಅನ್ನೋದು ಇಟ್ಕೊಂಡು ನಾನು ಮಗಳಿಗೆ ಏನು ಹೇಳ್ಲಿ? ಜೂನ್‌ಗೆ ಸದ್ಯಕ್ಕೆ, ಆಗಸ್ಟಿಗೆ ಮಡಿಕೇರಿ ಅಂತ ಹೇಳ್ಲಾ?’

ಹಾಳೆ ಹಿಡಿದು ಮತ್ತೆ ಸಂಪಾದಕರ ಕೋಣೆಗೆ ಹೋದೆ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಹೇಳಿದೆ, ನನ್ನದೇನೂ ಸೇರಿಸಲಿಲ್ಲ. ಅವರು ಪೆನ್ನು ತೆಗೆದು ತಾವೇ ಸೇರಿಸಿದ್ದ ಪದವನ್ನು ಹೊಡೆದು ಹಾಕಿ, ಪಕ್ಕದಲ್ಲಿ ಇನ್ನೊಂದು ಸಹಿ ಮಾಡಿದರು.